ಕೇಳ್ತು ಬೇರೆ, ಆಯ್ತು ಬೇರೆ

ಅವಳು ಮಾಡುವ ಕೆಲಸವನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಡಲು ಹೇಳಿದರು. ಬರೆದುಕೊಟ್ಟಳು. ಅದಕ್ಕೆ 'ಹಿರಿಯ ಅಧಿಕಾರಿ ಬೇಕಾಗಿದ್ದಾರೆ: ಸೇವಾ ವಿಭಾಗದ ನಿರ್ದೇಶಕರು' ಎಂದು ತಲೆಬರಹ ಹಾಕಿ ಜಾಹೀರಾತು ಕೊಟ್ಟರು. ಕೆಳಗೆ ಒಂದು ಸಾಲು ಸೇರಿಸಿದರು: ಸಂಸ್ಥೆಯ ಒಳಗಿನವರು ಅರ್ಜಿ ಹಾಕುವಂತಿಲ್ಲ.

ಅದು ಲಿಫ್ಟ್ ಕೂರಿಸುವ, ಕೆಟ್ಟ ಲಿಫ್ಟನ್ನು ರಿಪೇರಿ ಮಾಡುವ ಕಂಪನಿ. ಮೊದಲು ಇದ್ದದ್ದು ಒಂದು ಶೆಡ್ಡು, ಒಂದು ಏಣಿ, ಇಬ್ಬರು ಗೆಳೆಯರು. ಈಗ ಮೂರು ಊರುಗಳಲ್ಲಿ ಕಚೇರಿ, ಇನ್ನೂ ನಾಲ್ಕು ಊರುಗಳಲ್ಲಿ ತೆರೆಯುವ ಆಸೆ. ಆಸೆಗೆ ಬಂಡವಾಳ ಬೇಕಿತ್ತು. ಬಂಡವಾಳ ಹಾಕುವವರು ಸಿಕ್ಕಿದ್ದರು, ಜೊತೆಗೆ ಒಂದು ಮಾತನ್ನೂ ಹಾಕಿದ್ದರು: ಮೇಲಿನ ಕುರ್ಚಿಗಳಲ್ಲಿ ದೊಡ್ಡ ಕಂಪನಿಗಳಲ್ಲಿ ಪಳಗಿದವರು ಕೂರಬೇಕು. ಲೆಕ್ಕಪತ್ರಕ್ಕೆ ಒಬ್ಬರು, ಮಾರಾಟಕ್ಕೆ ಒಬ್ಬರು ಆಗಲೇ ಬಂದು ಕೂತಿದ್ದರು. ಉಳಿದದ್ದು ಸೇವಾ ವಿಭಾಗ. ಲಿಫ್ಟ್ ಎಲ್ಲಿ ನಿಂತರೂ ಅಲ್ಲಿಗೆ ಯಾರು ಹೋಗಬೇಕು, ಯಾವ ಸಾಮಾನು ಹೋಗಬೇಕು, ಒಳಗೆ ಸಿಕ್ಕಿಕೊಂಡವರಿಗೆ ಏನು ಹೇಳಬೇಕು, ಹೊಸ ಹುಡುಗರಿಗೆ ಕೆಲಸ ಹೇಗೆ ಕಲಿಸಬೇಕು, ಸಿಟ್ಟಾದ ಗಿರಾಕಿಯನ್ನು ಹೇಗೆ ಕೂರಿಸಿ ಮಾತಾಡಿಸಬೇಕು, ಇದಿಷ್ಟೂ ಸೇವಾ ವಿಭಾಗ. ಇದಿಷ್ಟೂ ಅವಳು.

ಅವಳನ್ನು ಎಲ್ಲರೂ ಅಕ್ಕ ಅನ್ನುತ್ತಿದ್ದರು. ಅವಳಿಗಿಂತ ಎಷ್ಟೋ ದೊಡ್ಡವನಾದ ಹಳೆಯ ಮೆಕ್ಯಾನಿಕ್ ಗೊಣಗಣ್ಣನೂ ಅಕ್ಕ ಎಂದೇ ಅನ್ನುತ್ತಿದ್ದ. ಅವಳ ಹುದ್ದೆಗೆ ಹೆಸರಿರಲಿಲ್ಲ. ಸಂಬಳದ ಪಟ್ಟಿಯಲ್ಲಿ ಅವಳ ಮುಂದೆ 'ದೂರವಾಣಿ' ಎಂದಿತ್ತು. ಕೆಲಸಕ್ಕೆ ಸೇರಿದ ದಿನ ಬರೆದದ್ದು. ಅದನ್ನು ತಿದ್ದುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಜಾಹೀರಾತಿನ ಒಂದು ಪ್ರತಿಯನ್ನು ಊಟದ ಕೋಣೆಯ ಗೋಡೆಗೂ ಅಂಟಿಸಿದ್ದರು. ಮೆಕ್ಯಾನಿಕ್‌ಗಳೆಲ್ಲ ಅದರ ಮುಂದೆ ಸೇರಿದ್ದರು.

"ಹಿರಿಯ ಅಧಿಕಾರಿ ಬೇಕಂತೆ," ಎಂದ ಗೊಣಗಣ್ಣ. "ಹಿರೀರೇ ಬೇಕಾಗಿದ್ರೆ ನಮ್ಮತ್ತೆ ಇದಾರಪ್ಪ. ಕೂತಲ್ಲೇ ಕೂತು ಊರಿನ ಮೇಲೆಲ್ಲ ಅಧಿಕಾರ ಮಾಡ್ತಾರೆ. ಕಳಿಸಿಕೊಡ್ಲಾ?"

"ನಿಮ್ಮತ್ತೆ ಬಂದ್ರೆ ಲಿಫ್ಟುಗಳು ಹೆದರಿಕೊಂಡೇ ಓಡಾಡ್ತವೆ, ರಿಪೇರಿನೇ ಬೇಡ," ಎಂದಳು ಅಕ್ಕ.

ಎಲ್ಲರೂ ನಕ್ಕರು. ಗೊಣಗಣ್ಣ ಮಾತ್ರ ಬೆರಳಿಟ್ಟು ಓದುತ್ತಿದ್ದವನು ಬೆರಳು ತೆಗೆಯಲಿಲ್ಲ. "ಅಕ್ಕ, 'ಒಳಗೆ ಸಿಕ್ಕಿಕೊಂಡವರ ಜೊತೆ ಬಾಗಿಲು ತೆರೆಯುವ ತನಕ ಮಾತು ನಿಲ್ಲಿಸಬಾರದು' ಅಂತ ಇದೆ ಇಲ್ಲಿ. ಇದು ನಿಮ್ಮ ಮಾತು. ನಿಮ್ಮ ಕೆಲಸಾನೇ ಇದು."

"ಹೋಗಪ್ಪ ಗೊಣಗಣ್ಣ. ಆಸ್ಪತ್ರೆ ಲಿಫ್ಟು ನಿಂತಿದೆ."

"ಕೇಳ್ತು," ಎಂದು ಗೊಣಗುತ್ತ ಹೋದ. ಆಯ್ತು ಅನ್ನಲಿಲ್ಲ.

ಆ ಕಂಪನಿಯಲ್ಲಿ ಈ ಎರಡು ಮಾತುಗಳು ಬೇರೆ ಬೇರೆ. ಹೊರಗೆ ನಾವೆಲ್ಲ ಎರಡಕ್ಕೂ ಆಯ್ತು ಎಂದೇ ಅನ್ನುತ್ತೇವೆ. ಉಪ್ಪು ತಾ ಎಂದರೆ ಆಯ್ತು, ಉಪ್ಪು ತಂದಿಟ್ಟ ಮೇಲೂ ಆಯ್ತು. ಒಪ್ಪಿದ್ದಕ್ಕೂ ಮುಗಿಸಿದ್ದಕ್ಕೂ ಒಂದೇ ಮಾತು. ಅಡುಗೆಮನೆಯಲ್ಲಿ ಇದರಿಂದ ಹೆಚ್ಚೆಂದರೆ ಅಡುಗೆ ಸಪ್ಪೆಯಾಗುತ್ತದೆ. ಲಿಫ್ಟ್ ಓಡಾಡುವ ಆ ಉದ್ದನೆಯ ಕತ್ತಲ ಬಾವಿಯಲ್ಲಿ ಕಾಲು ಹೋಗುತ್ತದೆ.

ಹೋದದ್ದು ಅವಳ ಗಂಡನ ಕಾಲು. ಶೆಡ್ಡು, ಏಣಿ ಮಾತ್ರ ಇದ್ದ ಕಾಲದ ಇಬ್ಬರು ಗೆಳೆಯರಲ್ಲಿ ಒಬ್ಬ ಅವನು. ಇನ್ನೊಬ್ಬ ಈಗ ಎಲ್ಲರೂ ಯಜಮಾನರು ಅನ್ನುವವರು. ಅಂದು ಯಜಮಾನರು ಮೇಲೆ ಯಂತ್ರದ ಕೋಣೆಯಲ್ಲಿ ಸ್ವಿಚ್ಚಿನ ಹತ್ತಿರ ನಿಂತಿದ್ದರು. ಗಂಡ ಕೆಳಗೆ, ಲಿಫ್ಟಿನ ಪೆಟ್ಟಿಗೆಯ ನೆತ್ತಿಯ ಮೇಲೆ ಒಂದು ಕಾಲು ಹೊರಚಾಚಿ ಕೂತಿದ್ದ.

"ಕಾಲು ಒಳಗೆ ಎಳ್ಕೊಳೋ, ಸ್ವಿಚ್ ಹಾಕ್ತೀನಿ," ಎಂದು ಮೇಲಿಂದ ಕೂಗು ಬಂತು.

"ಆಯ್ತು," ಎಂದು ಕೆಳಗಿಂದ ಉತ್ತರ ಹೋಯಿತು.

ಎಳ್ಕೊಳ್ತೀನಿ ಎಂಬ ಅರ್ಥದಲ್ಲಿ ಅವನು ಅಂದ. ಎಳ್ಕೊಂಡಾಯ್ತು ಎಂಬ ಅರ್ಥದಲ್ಲಿ ಇವರು ಕೇಳಿಸಿಕೊಂಡರು. ಪೆಟ್ಟಿಗೆ ಒಂದು ಗೇಣು ಮೇಲೇರಿತು. ಅಷ್ಟು ಸಾಕಾಯಿತು. ಕಾಲು ಉಳಿಯಿತು, ಮಂಡಿ ಉಳಿಯಲಿಲ್ಲ.

ಲಿಫ್ಟ್ ರಿಪೇರಿಯವನ ಮನೆಗೆ ಲಿಫ್ಟಿರಲಿಲ್ಲ. ಆಸ್ಪತ್ರೆಯಿಂದ ಬಂದ ಗೆಳೆಯನನ್ನು ಯಜಮಾನರು ಬೆನ್ನ ಮೇಲೆ ಹೊತ್ತು ಮೆಟ್ಟಿಲು ಹತ್ತಿಸಿದರು. ಕಟ್ಟು ಬದಲಿಸಲು ಮತ್ತೆ ಇಳಿಸಿದರು, ಮತ್ತೆ ಹತ್ತಿಸಿದರು. ಗಾಯ ಮಾಯುವ ತನಕ ಆ ಬೆನ್ನು ಬೇರೆಯವರಿಗೆ ಆ ಭಾರ ಕೊಡಲಿಲ್ಲ. ತಪ್ಪು ಯಾರದು ಎಂದು ನೆಂಟರು ಕೇಳಿದಾಗಲೆಲ್ಲ ಅವಳು, "ಇಬ್ಬರದೂ ಅಲ್ಲ, ಆ ಮಾತಿಂದು," ಎನ್ನುತ್ತಿದ್ದಳು. ಬಾಯುಪಚಾರಕ್ಕೆ ಅಂದದ್ದಲ್ಲ. ಅವಳು ಹಾಗೆಯೇ ತಿಳಿದಿದ್ದಳು. ಮನೆ ನಡೆಯಬೇಕಲ್ಲ ಎಂದು ಯಜಮಾನರು ಅವಳನ್ನು ಶೆಡ್ಡಿನ ಫೋನಿನ ಮುಂದೆ ಕೂರಿಸಿದಾಗ ಅವಳು ಮಾಡಿದ ಮೊದಲ ಕೆಲಸ ಆ ಮಾತನ್ನು ಎರಡಾಗಿ ಸೀಳಿದ್ದು. ಹೇಳಿದ್ದು ಕೇಳಿಸಿದರೆ, ಕೇಳ್ತು. ಮಾಡಿ ಮುಗಿದರೆ ಮಾತ್ರ, ಆಯ್ತು. ಆಯ್ತು ಎಂಬ ಮಾತು ಕಿವಿಗೆ ಬೀಳದೆ ಯಾರೂ ಸ್ವಿಚ್ ಮುಟ್ಟುವಂತಿಲ್ಲ.

ಗಂಡಸರು ನಕ್ಕಿದ್ದರು. "ಹುಟ್ಟಿದಾಗಿಂದ ಆಡ್ತಿರೋ ಮಾತು, ಈಯಮ್ಮ ಬಂದು ಕಲಿಸ್ಬೇಕಾ?" ಎಂದು ಎಲ್ಲರಿಗಿಂತ ಮೊದಲು ಗೊಣಗಿದವನು ಗೊಣಗಣ್ಣ. ಅವನಿಗೆ ಆ ಹೆಸರು ಬಂದದ್ದೇ ಅಂದು. ಆದರೆ ಮಾರನೆಯ ದಿನ ಬಾವಿಯ ಕತ್ತಲಿನಿಂದ ಮೊದಲು ಕೇಳಿಬಂದ "ಕೇಳ್ತು" ಕೂಡ ಅವನದೇ. ಅಂದಿನಿಂದ ಆ ಕಂಪನಿಯಲ್ಲಿ ಯಾರ ಕಾಲೂ ಹೋಗಿಲ್ಲ, ಬೆರಳೂ ಹೋಗಿಲ್ಲ.

ಅವಳಿಗೆ ಲಿಫ್ಟು ತಾನಾಗಿ ತಿಳಿಯಲಿಲ್ಲ. ಕಲಿಸಿದವರನ್ನೆಲ್ಲ ಅವಳು ನೆನೆಯುತ್ತಿದ್ದಳು. ಗೊಣಗುತ್ತಲೇ ಅವಳನ್ನು ಯಂತ್ರದ ಕೋಣೆಗೆ ಹತ್ತಿಸಿ, ಯಾವ ಸದ್ದು ಒಳ್ಳೆಯದು ಯಾವ ಸದ್ದು ಕೆಟ್ಟದ್ದು ಎಂದು ಕಣ್ಣು ಮುಚ್ಚಿಸಿ ಕೇಳಿಸಿದವನು ಗೊಣಗಣ್ಣ. ಮಗುವನ್ನು ಸೊಂಟಕ್ಕೇರಿಸಿಕೊಂಡು "ನೀನು ಹೋಗು, ಇದು ನನ್ನ ಪಾಲು" ಎಂದವರು ಅವಳ ಅತ್ತೆ. ಗಂಡನಂತೂ ಮಲಗಿದಲ್ಲೇ ಮೇಜಿನಿಂದ ಕಳಚಿದ ಡ್ರಾಯರಿಗೆ ದಾರ ಕಟ್ಟಿ, ದಾರವನ್ನು ಕಿಟಕಿಯ ಸರಳಿನ ಮೇಲೆ ಹಾಯಿಸಿ, ಇನ್ನೊಂದು ತುದಿಗೆ ಕುಟ್ಟಾಣಿ ಕಟ್ಟಿ, ಲಿಫ್ಟು ಹೇಗೆ ಏರುತ್ತದೆ ಎಂದು ತೋರಿಸಿದ್ದ.

"ನೋಡು, ಪೆಟ್ಟಿಗೆ ಮೇಲೆ ಹೋಗೋದು ಎಲ್ಲರಿಗೂ ಕಾಣುತ್ತೆ. ಆ ಕಡೆ ಇಷ್ಟೇ ತೂಕ ಕೆಳಗಿಳೀತಾ ಇರುತ್ತೆ. ಅದು ಗೋಡೆ ಹಿಂದೆ. ಯಾರಿಗೂ ಕಾಣಲ್ಲ."

"ನನ್ನ ಕುಟ್ಟಾಣಿ ಯಾಕ್ರೀ ತಗೊಂಡ್ರಿ?" ಎಂದಿದ್ದಳು ಅವಳು. ಆಸ್ಪತ್ರೆಯಿಂದ ಬಂದ ಮೇಲೆ ಅವನು ನಕ್ಕದ್ದು ಅಂದೇ ಮೊದಲು. ಅವನ ಆ ನಗುವಿಗಾಗಿ ಅವಳು ಈಗಲೂ ಆ ಕುಟ್ಟಾಣಿಯನ್ನು ಬದಲಿಸಿಲ್ಲ.

ಹೀಗೆ ಬೆಳೆದವಳ ಬೆಳವಣಿಗೆಯನ್ನು ಒಂದು ಹಾಳೆಗೆ ಇಳಿಸಿ, ಅದನ್ನು ಬೇರೆಯವರಿಗೆ ಅಳತೆಗೋಲು ಮಾಡಿದ್ದರು. ಅಳೆಯುವ ಕೆಲಸವನ್ನೂ ಅವಳಿಗೇ ವಹಿಸಿದರು.

"ಸಂದರ್ಶನಕ್ಕೆ ನೀನೂ ಕೂರು ತಂಗಿ," ಎಂದರು ಯಜಮಾನರು. ಗೆಳೆಯನ ಹೆಂಡತಿಯನ್ನು ಅವರು ಅಂದಿನಿಂದ ಇಂದಿನ ತನಕ ತಂಗಿ ಎಂದೇ ಕರೆದಿದ್ದರು. "ಬರೋರು ಸರಿಯಾದವರಾ ಅಲ್ವಾ, ನಿನಗೆ ಗೊತ್ತಾಗೋ ಹಾಗೆ ನಮಗೆ ಗೊತ್ತಾಗಲ್ಲ."

ಆ ಮಾತಿನ ಸೊಟ್ಟು ಅವರಿಗೆ ಕಾಣಲಿಲ್ಲ. ಅವಳಿಗೆ ಕಂಡಿತು. ಆದರೂ ಕೂತಳು. ನಾಳೆ ಬಂದು ಕೂರುವವರ ಕೈಯಲ್ಲಿ ಗೊಣಗಣ್ಣ ಇರುತ್ತಾನೆ, ಬಾವಿಗಿಳಿಯುವ ಅಷ್ಟೂ ಜನ ಇರುತ್ತಾರೆ. ಯಾರೋ ಒಬ್ಬರು ಬರುವುದೇ ಆದರೆ ಒಳ್ಳೆಯವರು ಬರಲಿ.

ಹಿಂದೆ ಬಿಡಿಭಾಗಗಳ ಉಗ್ರಾಣವಾಗಿದ್ದದ್ದು ಈಗ ಗಾಜಿನ ಕೋಣೆ. ಹೊಸ ಕುರ್ಚಿಗಳ ಪ್ಲಾಸ್ಟಿಕ್ಕನ್ನು ಇನ್ನೂ ಬಿಚ್ಚಿರಲಿಲ್ಲ, ಕೂತರೆ ಚರಚರ ಎನ್ನುತ್ತಿದ್ದವು. ನೆಲಕ್ಕೆ ಎಷ್ಟು ಸಲ ಬಣ್ಣ ಹೊಡೆದರೂ ಗ್ರೀಸಿನ ಹಳೆಯ ಕಲೆಯೊಂದು ಮೇಜಿನ ಕೆಳಗೆ ಎದ್ದು ಬರುತ್ತಿತ್ತು. ಒಂದು ಕಡೆ ಯಜಮಾನರು, ಪಕ್ಕದಲ್ಲಿ ಅಭ್ಯರ್ಥಿಗಳನ್ನು ಹುಡುಕಿ ತರುವ ಕಸುಬಿನವನು, ತುದಿಯಲ್ಲಿ ಅಕ್ಕ. ಆ ಕಸುಬಿನವನಿಗೆ ಮೆಕ್ಯಾನಿಕ್‌ಗಳು ಬಂದ ದಿನವೇ ಹೆಸರಿಟ್ಟಿದ್ದರು: ದಲ್ಲಾಳಿ. "ಕಂಪನಿಗೆ ಗಂಡು ನೋಡ್ತಿದಾನೆ ಕಣ್ರೋ. ಜಾತಕ ತಂದಿದಾನೆ, ಫೋಟೋ ತಂದಿದಾನೆ. ಹುಡುಗೀನ ಮಾತ್ರ ಯಾರೂ ಕೇಳಿಲ್ಲ," ಎಂದಿದ್ದ ಗೊಣಗಣ್ಣ.

ಮೊದಲು ಬಂದವರು ಒಳ್ಳೆಯ ಮಾತುಗಾರರು. ಅವರ ಮಾತೆಲ್ಲ ತಾವು ಈ ಕಂಪನಿಯಿಂದ ಮುಂದೆ ಎಲ್ಲಿಗೆ ಹೋಗಬೇಕು ಎಂಬುದರ ಮೇಲಿತ್ತು. ಎರಡನೆಯವರು ಬುದ್ಧಿವಂತರು, ಆದರೆ ಇರುವ ಊರು ಬಿಟ್ಟು ಬರಲು ಮನೆಯಲ್ಲಿ ಒಪ್ಪಿರಲಿಲ್ಲ. ಅದನ್ನು ಅವರು ನೇರವಾಗಿ ಹೇಳಿದ್ದಕ್ಕೆ ಅಕ್ಕ ಬಾಗಿಲ ತನಕ ಹೋಗಿ ಬೀಳ್ಕೊಟ್ಟಳು.

ಮೂರನೆಯವರು ಹೆಂಗಸು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ನಡಿಗೆ ಚುರುಕಾಗಿತ್ತು. ಆಸ್ಪತ್ರೆಯ ಯಂತ್ರಗಳನ್ನು ದುರಸ್ತಿ ಮಾಡುವ ದೊಡ್ಡ ಕಂಪನಿಯೊಂದರಲ್ಲಿ ನೂರಾರು ಜನರನ್ನು ನಡೆಸಿದ್ದವರು. ಕೂತ ಕೂಡಲೇ ಕುರ್ಚಿ ಚರಚರ ಎಂದಿತು. "ಅವಸರದಲ್ಲಿ ತಂದಿದೀರಿ," ಎಂದು ನಕ್ಕರು. ಯಜಮಾನರು ಕೇಳಿದ್ದಕ್ಕೆಲ್ಲ ಸುತ್ತು ಬಳಸದೆ ಉತ್ತರಿಸಿದರು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದರು. ನಾಲ್ಕು ಹೊಸ ಊರುಗಳಲ್ಲಿ ಜನರನ್ನು ಹೇಗೆ ತಯಾರು ಮಾಡಬೇಕೆಂದು ಅವರು ವಿವರಿಸುವಾಗ ಅಕ್ಕ ತನಗರಿಯದೆ ಮುಂದಕ್ಕೆ ಬಾಗಿ ಕೂತಿದ್ದಳು. ತಾನು ಇದುವರೆಗೆ ಯೋಚಿಸದೆ ಇದ್ದ ಎರಡು ಮಾತು ಅದರಲ್ಲಿತ್ತು. ಇಂಥವರ ಹತ್ತಿರ ಕಲಿಯುವುದು ಬೇಕಾದಷ್ಟಿದೆ ಎನ್ನಿಸಿತು. ಖುಷಿಯೂ ಆಯಿತು. ಖುಷಿಯ ಹಿಂದೆಯೇ, ಹಾಗಾದರೆ ಆ ಕುರ್ಚಿ ಇವರದೇ ಎಂಬುದೂ ಹೊಳೆಯಿತು.

ಕೊನೆಗೆ ಅವರು ಜಾಹೀರಾತನ್ನು ಮೇಜಿನ ಮೇಲಿಟ್ಟು ಕೇಳಿದರು. "ಇದನ್ನ ಕುರ್ಚಿ ಮೇಲೆ ಕೂತು ಊಹೆ ಮಾಡಿ ಬರೆದಿಲ್ಲ. ಮಾಡ್ತಿರೋರೇ ಬರೆದಿದಾರೆ. ಈ ಕೆಲಸ ಈಗ ಯಾರು ಮಾಡ್ತಿದಾರೆ?"

ದಲ್ಲಾಳಿ ಕೆಮ್ಮಿದ. ಯಜಮಾನರು, "ಸದ್ಯಕ್ಕೆ ಹೇಗೋ ನಡ್ಕೊಂಡು ಹೋಗ್ತಿದೆ," ಎಂದರು.

ಹೇಗೋ. ಅವಳ ಅಷ್ಟೂ ವರ್ಷಗಳು ಆ ಎರಡಕ್ಷರದಲ್ಲಿ ಹಿಡಿಸಿಹೋದವು.

ಬಿಳಿಗೂದಲಿನವರು ತುದಿಯಲ್ಲಿ ಕೂತವಳ ಕಡೆ ನೋಡಿದರು. ಮತ್ತೇನೂ ಕೇಳಲಿಲ್ಲ. ಹೊರಡುವಾಗ ಅಕ್ಕ ಅವರನ್ನು ಲಿಫ್ಟಿನ ತನಕ ಬಿಡಲು ಹೋದಳು. ಲಿಫ್ಟ್ ಬಂತು, ಬಾಗಿಲು ತೆರೆಯಿತು. ಅವರು ಹತ್ತಲಿಲ್ಲ.

"ನೀವೇ ತಾನೆ?"

"ಹೌದು ಮೇಡಂ."

"ಅರ್ಜಿ ಯಾಕೆ ಹಾಕ್ಲಿಲ್ಲ?"

"ಒಳಗಿನವರು ಹಾಕಂಗಿಲ್ಲ ಅಂತ ಕೆಳಗಡೆ ಇದೆ ನೋಡಿ."

"ನೋಡಿದೆ. ನಿಮಗೆ ಬೇಕಿತ್ತಾ ಅಂತ ಕೇಳ್ತಿದೀನಿ."

ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಅವಳೂ ಕೇಳಿಕೊಂಡಿರಲಿಲ್ಲ. ಬಾಗಿಲು ಮುಚ್ಚಿಕೊಂಡು ಲಿಫ್ಟು ಖಾಲಿಯಾಗಿಯೇ ಇಳಿಯಿತು.

"ಹಿಂದೆ ನನ್ನ ಜಾಗಕ್ಕೂ ಹೀಗೇ ಒಬ್ಬರನ್ನ ತಂದ್ರು," ಎಂದರು ಅವರು. "ನಾನೇ ಬೇಡ ಅಂದೆ ಅಂತ ಎಲ್ಲರ ಹತ್ರ ಹೇಳಿದ್ರು. ಬಂದವರೂ ಅದನ್ನೇ ನಂಬಿದ್ರು, ಪಾಪ. ನನ್ನನ್ನ ಒಂದು ಮಾತು ಕೇಳಿದ್ರೆ ಸಾಕಿತ್ತು. ಅದಕ್ಕೆ ನಾನು ಕೇಳ್ತೀನಿ. ನನಗೆ ಈ ಕೆಲಸ ಇಷ್ಟ ಆಗಿದೆ, ಸುಳ್ಳು ಹೇಳಲ್ಲ. ಆದ್ರೆ ನಿಮಗೆ ಬೇಡ ಅಂತ ನಿಮ್ಮ ಬಾಯಿಂದಲೇ ಕೇಳಿದ ಮೇಲೇನೇ ನಾನು ಬರೋದು. ನಿಮ್ಮ ಯಜಮಾನರಿಗೂ ಹೀಗೇ ಹೇಳ್ತೀನಿ."

ಅವರು ಅವಳ ಕೈ ಹಿಡಿದು ಒಮ್ಮೆ ಒತ್ತಿ, ಮೆಟ್ಟಿಲಿಳಿದು ಹೋದರು. ಅಕ್ಕ ಅಲ್ಲೇ ನಿಂತಳು. ಕಿತ್ತುಕೊಳ್ಳಲು ಬಂದವರೆಂದು ತಾನು ಎದೆ ಗಟ್ಟಿ ಮಾಡಿಕೊಂಡು ಕೂತಿದ್ದರೆ, ಆ ಹೆಂಗಸು ಕೇಳಿ ಪಡೆಯಲು ಬಂದಿದ್ದರು. ಲೋಕದಲ್ಲಿ ಇಂಥವರೂ ಇದ್ದಾರಲ್ಲ ಎಂದು ಕಣ್ಣು ತುಂಬಿತು.

ಮನೆಯಲ್ಲಿ ಊಟಕ್ಕೆ ಕೂತಾಗ ನಡೆದದ್ದನ್ನೆಲ್ಲ ಹೇಳಿದಳು. ಗಂಡ ಮಡಚಲಾಗದ ಕಾಲನ್ನು ಪಕ್ಕದ ಕುರ್ಚಿಯ ಮೇಲೆ ಚಾಚಿ ಕೂತಿದ್ದ. ಈಗ ಅವನು ಮನೆಯಲ್ಲೇ ಮೋಟಾರುಗಳಿಗೆ ತಂತಿ ಸುತ್ತುವ ಕೆಲಸ ಮಾಡುತ್ತಿದ್ದ. ಬೆರಳ ತುದಿಗಳು ತಾಮ್ರದ ಬಣ್ಣಕ್ಕೆ ತಿರುಗಿದ್ದವು.

"ಅವನು ಕೆಟ್ಟವನಲ್ಲ ಕಣೆ," ಎಂದ.

"ಕೆಟ್ಟವರು ಅಂತ ಯಾರಂದ್ರು? ಕೆಟ್ಟವರಾಗಿದ್ರೆ ಕಷ್ಟನೇ ಇರ್ಲಿಲ್ಲ."

"ನನ್ನ ಹೊತ್ತ. ಆಮೇಲೆ ನೀನು ಅವನ ಕಂಪನಿ ಹೊತ್ತೆ. ಅಲ್ಲಿಗೆ ಸಮ ಅಲ್ವಾ?"

"ಹಾಗೆ ತೂಗಬೇಡಿ ರೀ. ಅವರು ಹೊತ್ತಿದ್ದು ತೀರಿಸೋ ಅಂಥದ್ದಲ್ಲ. ನಾನು ತೀರಿಸೋಕೆ ಅಂತ ದುಡೀಲೂ ಇಲ್ಲ. ನನಗೆ ಆ ಕೆಲಸ ಇಷ್ಟ ಇತ್ತು. ಫೋನಲ್ಲಿ ಅಳ್ತಿರೋರು ಬಾಗಿಲು ತೆಗೆದ ತಕ್ಷಣ ಉಸಿರು ಬಿಡ್ತಾರಲ್ಲ, ಅದು ಕೇಳಿಸುತ್ತೆ ನನಗೆ. ಅದು ಇಷ್ಟ."

ಬಡಿಸುತ್ತಿದ್ದ ಅತ್ತೆ ಸೌಟನ್ನು ಅವಳ ತಟ್ಟೆಯ ಮೇಲೆ ಹಿಡಿದು ನಿಂತರು. "ಹಾಕ್ಲಾ?"

"ಬೇಡ ಅತ್ತೆ, ಸಾಕು."

"ನೋಡಿದ್ಯಾ," ಎಂದರು ಅತ್ತೆ ಮಗನ ಕಡೆ ತಿರುಗಿ. "ಈ ಮನೆಗೆ ಬಂದಾಗಿಂದ ಇದೇ. ಹಸಿವಿರುತ್ತೆ, ಬೇಡ ಅಂತಾಳೆ. ಸೀರೆ ಬೇಡ, ಚಪ್ಪಲಿ ಬೇಡ, ಇನ್ನೊಂದು ಸೌಟು ಅನ್ನ ಬೇಡ. ಬೇಡ ಅಂದ್ರೆ ಒಳ್ಳೆಯವಳು ಅಂತ ಯಾರೋ ಹೇಳಿಕೊಟ್ಟಿದಾರೆ ಇವಳಿಗೆ. ನಾನೇ ಇರ್ಬೇಕು."

ಅವಳು ನಕ್ಕಳು. ಅತ್ತೆ ನಗಲಿಲ್ಲ. ಸೌಟು ಅಲ್ಲಾಡಲಿಲ್ಲ.

"ಆ ಬಿಳಿಕೂದ್ಲಿನವಳು ಕೇಳಿದ್ದನ್ನೇ ನಾನೂ ಕೇಳ್ತೀನಿ ಕಣಮ್ಮ. ಬೇಕಾ, ಬೇಡ್ವಾ?"

ಅವಳು ತಟ್ಟೆಗೆ ಅಡ್ಡ ಹಿಡಿದಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಅತ್ತೆ ಬಡಿಸಿದರು. ಅವಳು ಹೊಟ್ಟೆ ತುಂಬ ಉಂಡಳು. ಉಣ್ಣುತ್ತ, ತನಗೆ ಸಿಕ್ಕ ಜನರನ್ನು ನೆನೆದು ಸಮಾಧಾನಪಟ್ಟಳು.

ಯಜಮಾನರು ಕರೆಸಿದ್ದು ನಾಲ್ಕು ದಿನ ಕಳೆದ ಮೇಲೆ, ಬೆಳಗ್ಗೆ. ಅವರ ಕೋಣೆಯಲ್ಲಿ ಎಲ್ಲ ಹೊಸದು. ಹಳೆಯದೆಂದರೆ ಮೇಜಿನ ಕೆಳಗಿನ ತುಕ್ಕು ಹಿಡಿದ ಸಲಕರಣೆ ಪೆಟ್ಟಿಗೆ ಮಾತ್ರ. ಅದನ್ನು ಎಸೆಯಲು ಅವರು ಯಾರಿಗೂ ಬಿಟ್ಟಿರಲಿಲ್ಲ.

"ಕೂತ್ಕೋ ತಂಗಿ. ಆ ಮೇಡಂ ಒಪ್ಪಿದಾರೆ. ಹಣ ಹಾಕೋರಿಗೂ ಅವರೇ ಇಷ್ಟ. ಒಂದೇ ತೊಡಕು." ಅವರು ಕಿಟಕಿಯ ಕಡೆ ನೋಡಿದರು. "ನಿನ್ನ ಬಾಯಿಂದ ಒಂದು ಮಾತು ಕೇಳ್ಬೇಕಂತೆ."

"ಏನಂತ ಅಣ್ಣ?"

"ನಿನಗೆ ಆ ಕೆಲಸ ಬೇಡ ಅಂತ."

"ನಾನು ಬೇಡ ಅಂದೇ ಇಲ್ವಲ್ಲ."

"ಅನ್ನಲಿಲ್ಲ. ಈಗ ಅನ್ನು. ಅದರಲ್ಲೇನಿದೆ? ನಿನ್ನನ್ನ ಯಾರೂ ಹೊರಗೆ ಹಾಕ್ತಿಲ್ಲ. ಅವರ ಕೈ ಕೆಳಗೆ ಇರ್ತೀಯ. ಸಂಬಳನೂ ಜಾಸ್ತಿ ಮಾಡಿಸ್ತೀನಿ."

"ಅವರ ಕೈ ಕೆಳಗೆ ಇರೋಕೆ ನನಗೆ ಬೇಜಾರಿಲ್ಲ. ಅವರು ಒಳ್ಳೆಯವರು. ನನ್ನನ್ನ ಕೇಳಿ, ಪರೀಕ್ಷೆ ಮಾಡಿ, ಆಗಲ್ಲ ಇವಳ ಕೈಲಿ ಅಂತ ಅಂದಿದ್ರೆ ನಾನೇ ಅವರಿಗೆ ಕುರ್ಚಿ ಒರೆಸಿಕೊಡ್ತಿದ್ದೆ. ನೀವು ಕೇಳ್ಲೇ ಇಲ್ಲ."

"ಹೇಗೆ ಕೇಳ್ಲಿ? ಹಣ ಹಾಕೋರ ಮುಂದೆ ಕಾಗದ ಇಡ್ಬೇಕಲ್ಲ. ದೂರವಾಣಿ ಅಂತ ಬರೆದಿರೋಳನ್ನ ನಿರ್ದೇಶಕಿ ಮಾಡ್ತೀನಿ ಅಂದ್ರೆ ನಗ್ತಾರೆ."

"ದೂರವಾಣಿ ಅಂತ ಬರೆದೋರು ಯಾರು ಅಣ್ಣ?"

ಯಜಮಾನರು ಸಲಕರಣೆ ಪೆಟ್ಟಿಗೆಯನ್ನು ಕಾಲಿನಿಂದ ಇನ್ನಷ್ಟು ಒಳಕ್ಕೆ ತಳ್ಳಿದರು. ಹೊರಗೆ ಕಾರಿಡಾರಿನಲ್ಲಿ ಏಣಿ ಎಳೆದುಕೊಂಡು ಹೋಗುವ ಸದ್ದು ಬಂತು. ಗೊಣಗಣ್ಣನ ಗೊಣಗಾಟ ಹತ್ತಿರ ಬಂದು ದೂರವಾಯಿತು.

"ಈಯಮ್ಮ ಬರಲ್ಲ ಅಂದ್ರೆ ಹಣದವರು ಹಿಂದೆ ಸರೀತಾರೆ," ಎಂದರು ಆಮೇಲೆ. ದನಿ ತಗ್ಗಿತ್ತು. "ನಾಲ್ಕು ಊರು ಕೈ ಬಿಟ್ಟು ಹೋಗುತ್ತೆ. ನಾನೂ ನಿನ್ನ ಗಂಡನೂ ಆ ಶೆಡ್ಡಲ್ಲಿ ಕೂತು ಕಂಡ ಕನಸು ಅದು. ನಿಮ್ಮ ಮನೆಗೆ ಏನೇನು ಮಾಡಿದೀನಿ ಅಂತ ನಾನು ಯಾವತ್ತಾದ್ರೂ ಬಾಯಿ ಬಿಟ್ಟು ಹೇಳ್ಕೊಂಡಿದೀನಾ?"

ಹೇಳಿಕೊಂಡದ್ದೇ ಅದು. ಮಾಡಿದ ಉಪಕಾರವನ್ನು ಇಷ್ಟು ವರ್ಷ ಬಚ್ಚಿಟ್ಟಿದ್ದ ಮನುಷ್ಯ ಈಗ ಅದನ್ನು ಹಗ್ಗದಂತೆ ಹೊರಗೆಳೆದಿದ್ದರು. ಉಣ್ಣಿಸಿದ ಕೈಯನ್ನೇ ತೋರಿಸಿ ಬಾಯಿ ಮುಚ್ಚಿಸುವ ಈ ಆಟ ಎಷ್ಟು ಹಳೆಯದು, ಎಷ್ಟು ಮನೆಗಳಲ್ಲಿ, ಎಷ್ಟು ಗದ್ದುಗೆಗಳ ಮುಂದೆ ನಡೆದದ್ದು. ತಲೆ ಬಗ್ಗಿಸಿದವರಲ್ಲಿ ಹೆಚ್ಚಿನವರು ಹೆದರಿ ಬಗ್ಗಿಸಿದವರಲ್ಲ, ಒಳ್ಳೆಯತನಕ್ಕೆ ಬಗ್ಗಿಸಿದವರು.

"ನೀವು ಹೇಳ್ಕೊಂಡಿಲ್ಲ," ಎಂದಳು ಅವಳು. "ನಾನೇ ಹೇಳ್ತೀನಿ ಕೇಳಿ. ಅವರನ್ನ ಬೆನ್ನ ಮೇಲೆ ಹೊತ್ಕೊಂಡು ನೀವು ಮೆಟ್ಟಿಲು ಹತ್ತೋವಾಗ ನಾನು ಹಿಂದೆ ಬರ್ತಿದ್ದೆ. ನಿಮ್ಮ ಮಂಡಿ ನಡುಗ್ತಿತ್ತು. ನಿಲ್ಲಿ ಅಣ್ಣ, ಸುಧಾರಿಸ್ಕೊಳ್ಳಿ ಅಂದ್ರೆ ನಿಲ್ಲಲಿಲ್ಲ. ನಿಂತ್ರೆ ಅವನಿಗೆ ತಾನು ಭಾರ ಅನ್ನಿಸುತ್ತೆ ಅಂದ್ರಿ. ಆ ಮಾತಿಗೆ ನಾನು ದಿನಾ ಕೈ ಮುಗೀತೀನಿ. ಫೋನ್ ಎತ್ತಿ ಏನು ಹೇಳ್ಬೇಕು ಅಂತಾನೂ ಗೊತ್ತಿಲ್ದೋಳನ್ನ ನಂಬಿ ಕೂರಿಸಿದ್ರಿ. ತಪ್ಪು ಮಾಡ್ದಾಗ ಬೈಲಿಲ್ಲ. ನೀವು ಕೂರಿಸದೇ ಇದ್ದಿದ್ರೆ ನನಗೆ ನಾನೇ ಗೊತ್ತಾಗ್ತಿರ್ಲಿಲ್ಲ. ಸಾಯೋ ತನಕ ಹೇಳ್ತೀನಿ ಇದನ್ನ, ಕೇಳಿದವರಿಗೆಲ್ಲ ಹೇಳ್ತೀನಿ."

ಯಜಮಾನರ ಕಣ್ಣು ಒದ್ದೆಯಾಯಿತು. ಅವರು ಮೂಗು ಒರೆಸಿಕೊಂಡರು. ಅವಳು ಅಂದದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ ಎಂದು ಅವರಿಗೆ ಗೊತ್ತಾಯಿತು. ಅದರಿಂದ ಅವಳು ಒಪ್ಪಿದಳು ಎಂದೂ ಅವರಿಗೆ ಅನ್ನಿಸಿತು.

ಫೋನನ್ನು ಹತ್ತಿರಕ್ಕೆ ಎಳೆದುಕೊಂಡರು. ಬಿಳಿಗೂದಲಿನವರ ನಂಬರು ಒತ್ತಿದರು. ಆ ಕಡೆ ರಿಂಗಾಗುತ್ತಿತ್ತು.

"ದೊಡ್ಡ ಭಾಷಣ ಏನೂ ಬೇಡ. ಬೇಡ ಅನ್ನು, ಅಷ್ಟು ಸಾಕು. ಮುಂದಿನದು ನಾನು ನೋಡ್ಕೋತೀನಿ. ಆಯ್ತಾ?"

"ಕೇಳ್ತು," ಎಂದಳು ಅಕ್ಕ.

ಆ ಕಂಪನಿಯ ಯಾವ ಮೆಕ್ಯಾನಿಕ್ಕನಾದರೂ ಆ ಮಾತಿಗೆ ಕೈ ತಡೆದು ನಿಲ್ಲುತ್ತಿದ್ದ, ಇನ್ನೊಂದು ಮಾತಿಗಾಗಿ ಕಾಯುತ್ತಿದ್ದ. ಯಜಮಾನರು ಕಾಯಲಿಲ್ಲ. ತಲೆಯಾಡಿಸಿ, ಇಬ್ಬರಿಗೂ ಕೇಳಿಸಲೆಂದು ಸ್ಪೀಕರಿನ ಗುಂಡಿ ಒತ್ತಿದರು.

"ಹಲೋ," ಎಂದಿತು ಬಿಳಿಗೂದಲಿನವರ ದನಿ. "ಹೇಳಿ, ಇದೀರಾ?"

"ಇದೀನಿ ಮೇಡಂ. ನೀವು ಅವತ್ತು ಕೇಳಿದ್ರಲ್ಲ, ಅದಕ್ಕೆ ಮೊದಲು ಥ್ಯಾಂಕ್ಸ್ ಹೇಳ್ಬೇಕು. ಯಾರೂ ಕೇಳಿರ್ಲಿಲ್ಲ."

"ಇರ್ಲಿ. ಉತ್ತರ ಹೇಳಿ. ಈ ಕೆಲಸ ನಿಮಗೆ ಬೇಡ್ವಾ?"

ಯಜಮಾನರು ಅವಳ ಮುಖ ನೋಡುತ್ತ, ಹೇಳು ಎನ್ನುವಂತೆ ಕೈ ಮುಂದೆ ಮಾಡಿದರು. ಅಕ್ಕ ಆ ಕೈಯನ್ನು ನೋಡಿದಳು. ಗೆಳೆಯನನ್ನು ಹೊತ್ತ ಕೈ, ಸ್ವಿಚ್ ಹಾಕಿದ ಕೈ. ಅದರ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ.

"ಬೇಕು ಮೇಡಂ," ಎಂದಳು. "ನನಗೆ ಬೇಕು."